ಹೆದ್ದಾರಿಯಲ್ಲಿ ಕೆಮಿಕಲ್ ಟ್ಯಾಂಕರ್ ಮಗುಚಿದರೆ ಏನು ಮಾಡಬೇಕು, ಏನು ಮಾಡಬಾರದು?

2023ರ ಜೂನ್ 13. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಲೋನಾವಳ ಸಮೀಪದ ಕುಣೆ ಸೇತುವೆ ಮೇಲೆ ರಾಸಾಯನಿಕ ತುಂಬಿದ್ದ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡಿತು. ಉರಿಯುವ ದ್ರವ ಸೇತುವೆಯಿಂದ ಕೆಳಗಿನ ರಸ್ತೆಗೂ ಸುರಿಯಿತು. ಒಟ್ಟು ನಾಲ್ವರು ಮೃತಪಟ್ಟರು. ಸೇತುವೆ ಕೆಳಗಿನ ರಸ್ತೆಯಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವರೂ ಅವರಲ್ಲಿದ್ದರು.

ಮುಂಬೈ, ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಊರಿಗೆ ಹೊರಟವರ ಕಾರು, ಬಸ್ಸಿನ ಪಕ್ಕದಲ್ಲೇ ಇಂಥ ಟ್ಯಾಂಕರ್‌ಗಳು ದಿನವೂ ಓಡುತ್ತವೆ. ಒಂದು ಮಗುಚಿ ಬಿದ್ದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಗಾಡಿ ನಿಲ್ಲಿಸಿ ಹತ್ತಿರ ಹೋಗುವುದು, ಮೊಬೈಲ್ ತೆಗೆಯುವುದು ಅಥವಾ ನೆರವಿಗೆ ಧಾವಿಸುವುದು. ರಾಸಾಯನಿಕ ಸೋರಿಕೆಯಲ್ಲಿ ಈ ಮೂರೂ ಜೀವಕ್ಕೆ ಅಪಾಯ. ಹಾಗಾದರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಮೊದಲ ಕೆಲಸ: ದೂರ ಹೋಗಿ

ಎಷ್ಟು ದೂರ? ಅಗ್ನಿಶಾಮಕ ಸಿಬ್ಬಂದಿ ಬಳಸುವ ಅಮೆರಿಕದ ತುರ್ತು ಕೈಪಿಡಿ ಪ್ರಕಾರ, ಎಲ್‌ಪಿಜಿ ಟ್ಯಾಂಕರ್‌ಗೆ ಬೆಂಕಿ ಬಿದ್ದರೆ ಸುತ್ತ 1,600 ಮೀಟರ್‌ವರೆಗೆ ಯಾರೂ ಇರಬಾರದು. ಪೆಟ್ರೋಲ್ ಟ್ಯಾಂಕರ್ ಆದರೆ 800 ಮೀಟರ್. ಅಳತೆ ಗೊತ್ತಾಗದಿದ್ದರೆ ಸುಲಭ ಉಪಾಯವೊಂದಿದೆ. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಅಪಘಾತದ ಜಾಗ ಪೂರ್ತಿ ಬೆರಳ ಹಿಂದೆ ಮರೆಯಾಗದಿದ್ದರೆ ನೀವಿನ್ನೂ ಹತ್ತಿರದಲ್ಲೇ ಇದ್ದೀರಿ ಎಂದರ್ಥ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?

ಓಡುವ ಮುನ್ನ ಒಂದು ಕ್ಷಣ ಧೂಳು, ಹೊಗೆ, ಮರದ ಎಲೆ ನೋಡಿ. ಗಾಳಿ ಎತ್ತಣಿಂದ ಬರುತ್ತಿದೆಯೋ ಆ ಕಡೆಗೆ ಹೋಗಬೇಕು. ಆ ದಾರಿಯಲ್ಲೇ ಟ್ಯಾಂಕರ್ ಬಿದ್ದಿದ್ದರೆ ಗಾಳಿಗೆ ಅಡ್ಡವಾಗಿ, ಎಡಕ್ಕೋ ಬಲಕ್ಕೋ ಸರಿಯಿರಿ. ಗಾಳಿ ಸಾಗುವ ದಿಕ್ಕಿನಲ್ಲೇ ಓಡಿದರೆ ಅನಿಲವೂ ನಿಮ್ಮ ಜೊತೆಗೇ ಬರುತ್ತದೆ.

ತಗ್ಗಿನ ಜಾಗ ಬೇಡ. ಚೆಲ್ಲಿದ ದ್ರವ ಇಳಿಜಾರಿಗೆ ಹರಿಯುತ್ತದೆ. ಎಲ್‌ಪಿಜಿ, ಕ್ಲೋರಿನ್ ಗಾಳಿಗಿಂತ ಭಾರ. ಹಾಗಾಗಿ ಚರಂಡಿ, ಹಳ್ಳ, ಅಂಡರ್‌ಪಾಸ್‌ಗಳಲ್ಲಿ ಅವು ಮಡುಗಟ್ಟುತ್ತವೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸೋರಿದ ಸ್ಟೈರೀನ್ ಆವಿಯೂ ಇಂಥದ್ದೇ. ಅದು ನೆಲಮಟ್ಟದಲ್ಲೇ ಹರಡಿ, ನಿದ್ದೆಯಲ್ಲಿದ್ದ ಊರನ್ನು ಆವರಿಸಿತು. ಹೊರಗೆ ಓಡಿಬಂದ ಕೆಲವರು ರಸ್ತೆಯಲ್ಲೇ ಕುಸಿದು ಬಿದ್ದರು.

ಕಿಡಿ ತಾಗಿದರೆ ಸಾಕು

2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡಾಗ ಅಕ್ಕಪಕ್ಕದ ಮನೆಗಳೂ ಸುಟ್ಟುಹೋದವು. ಹಲವರು ಜೀವ ಕಳೆದುಕೊಂಡರು. ಸೋರಿದ ಅನಿಲ ದೂರದವರೆಗೆ ಹರಡಿ, ಎಲ್ಲೋ ಒಂದು ಕಿಡಿ ಸಿಕ್ಕರೆ ಬೆಂಕಿ ಅಲ್ಲಿಂದ ಟ್ಯಾಂಕರ್‌ವರೆಗೂ ಓಡಿ ಬರುತ್ತದೆ. ಆದ್ದರಿಂದ ಅನಿಲದ ವಾಸನೆ ಬಂದರೆ ಅಥವಾ ಬಿಳಿ ಮಂಜಿನಂಥದ್ದು ಕಂಡರೆ ಬೀಡಿ, ಸಿಗರೇಟು ಹಚ್ಚಬೇಡಿ. ಆಫ್ ಮಾಡಿದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಅಲ್ಲೇ ಬಿಟ್ಟು ನಡೆದುಹೋಗಿ.

ಚೆಲ್ಲಿದ ಪೆಟ್ರೋಲ್ ತುಂಬಿಕೊಳ್ಳಲು ಡಬ್ಬ ಹಿಡಿದು ಹೋಗುವುದಂತೂ ಬೇಡವೇ ಬೇಡ. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರ ಬಳಿ ಹಾಗೆ ಸೇರಿದ್ದ 200ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು.

ಟ್ಯಾಂಕರ್ ಮೇಲಿನ ಫಲಕದಲ್ಲಿ ಏನಿದೆ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ವಾಹನದ ಎರಡೂ ಬದಿ ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿ ಫಲಕ ಇರಲೇಬೇಕು. ಅದರಲ್ಲಿ ರಾಸಾಯನಿಕದ ಹೆಸರು, ತುರ್ತು ಫೋನ್ ನಂಬರ್ ಮತ್ತು ನಾಲ್ಕು ಅಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತವೆ. ಈ ಸಂಖ್ಯೆ ಜಗತ್ತಿನೆಲ್ಲೆಡೆ ಒಂದೇ.

- 1203: ಪೆಟ್ರೋಲ್
- 1075: ಎಲ್‌ಪಿಜಿ
- 1005: ಅಮೋನಿಯಾ
- 1017: ಕ್ಲೋರಿನ್
- 1830: ಸಲ್ಫ್ಯೂರಿಕ್ ಆಸಿಡ್

ಇವನ್ನು ಬಾಯಿಪಾಠ ಮಾಡಬೇಕಿಲ್ಲ. ದೂರದಿಂದ ಕಂಡರೆ ಸಂಖ್ಯೆಯನ್ನು ಗುರುತು ಹಾಕಿಕೊಂಡು 112ಕ್ಕೆ ಹೇಳಿ. ನೀರು ಹಾಕಬೇಕೋ, ನೊರೆಯೋ, ಒಣ ಪುಡಿಯೋ ಎಂಬುದು ಅಗ್ನಿಶಾಮಕ ದಳಕ್ಕೆ ಅದರಿಂದಲೇ ಗೊತ್ತಾಗುತ್ತದೆ. ಸಂಖ್ಯೆ ಓದಲೆಂದು ಮಾತ್ರ ಹತ್ತಿರ ಹೋಗಬೇಡಿ.

ನೀರು ಸುರಿದರೆ ಸರಿಹೋಗುವುದಿಲ್ಲವೇ?

ಎಲ್ಲಕ್ಕೂ ನೀರು ಮದ್ದಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಆತಂಕ ಮೂಡಿಸಿದ ಸರಕುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಕೂಡ ಒಂದು. ಅದು ನೀರು ತಾಗಿದರೆ ಸುಲಭವಾಗಿ ಉರಿಯುವ ಅಸಿಟಲೀನ್ ಅನಿಲ ಬಿಡುತ್ತದೆ. ದಡಕ್ಕೆ ಬಂದ ಕಂಟೇನರ್‌ಗಳನ್ನು ಮುಟ್ಟಬೇಡಿ, 200 ಮೀಟರ್ ದೂರ ನಿಂತು 112ಕ್ಕೆ ಕರೆ ಮಾಡಿ ಎಂದು ಕೇರಳ ಆಗ ಜನರಿಗೆ ಹೇಳಿತ್ತು. ಚೆಲ್ಲಿದ ಸಲ್ಫ್ಯೂರಿಕ್ ಆಸಿಡ್ ಮೇಲೆ ಬಕೆಟ್ ನೀರು ಸುರಿದರೂ ಅದು ಕುದಿದು ಸಿಡಿಯುತ್ತದೆ.

ಆದರೆ ಆಸಿಡ್ ಮೈಮೇಲೆ ಬಿದ್ದರೆ ನೀರೇ ಮೊದಲ ಚಿಕಿತ್ಸೆ. ತೊಯ್ದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಉಜ್ಜಬೇಡಿ, ಮುಲಾಮು ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಇರಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿದ್ದಾಗ ಸೋರಿಕೆಯಾದರೆ?

ಅಧಿಕಾರಿಗಳು ಜಾಗ ಖಾಲಿ ಮಾಡಿ ಎಂದರೆ ಹೊರಡಿ. ಒಳಗೇ ಇರಿ ಎಂದರೆ ಕಿಟಕಿ, ಬಾಗಿಲು ಮುಚ್ಚಿ, ಎಸಿ ಮತ್ತು ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ. ಕ್ಲೋರಿನ್ ಆದರೆ ಮೇಲಿನ ಮಹಡಿ ಹೆಚ್ಚು ಸುರಕ್ಷಿತ.

ಬಿದ್ದವರನ್ನು ಎತ್ತಬಾರದೇ?

ಕಷ್ಟದ ಪ್ರಶ್ನೆ ಇದೇ. ಚಾಲಕ ಕಣ್ಣೆದುರೇ ಬಿದ್ದಿದ್ದರೆ ಸುಮ್ಮನೆ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಆದರೆ ಆತನನ್ನು ಬೀಳಿಸಿದ ಅನಿಲ ನಿಮ್ಮನ್ನೂ ಬೀಳಿಸುತ್ತದೆ. ಆಗ ರಕ್ಷಣಾ ಸಿಬ್ಬಂದಿ ಒಬ್ಬರ ಬದಲು ಇಬ್ಬರನ್ನು ಹೊರತರಬೇಕಾಗುತ್ತದೆ. ಉಸಿರಾಟದ ಉಪಕರಣವಿಲ್ಲದೆ ಒಳಗೆ ಹೋಗಬೇಡಿ. ದೂರ ನಿಂತು 112ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಫಲಕದ ಸಂಖ್ಯೆ, ಎಷ್ಟು ಜನ ಸಿಲುಕಿದ್ದಾರೆ ಎಂಬುದನ್ನು ಹೇಳಿ. ಹಿಂದೆ ಬರುವ ವಾಹನಗಳನ್ನು ದೂರದಲ್ಲೇ ತಡೆಯಿರಿ. ಚಾಲಕನಿಗೂ ಉಳಿದವರಿಗೂ ನೀವು ಮಾಡಬಹುದಾದ ದೊಡ್ಡ ಸಹಾಯ ಅದೇ.