ಅಚ್ಚೊತ್ತಿದ ಬನ್ನಿ

ವಿಜಯದಶಮಿಯ ಸಂಜೆ ರಾಯಚೂರು, ದೇವದುರ್ಗ, ಮಾನ್ವಿಯ ಓಣಿಗಳಲ್ಲಿ ಬನ್ನಿ ಹಿಡಿದವರ ಓಡಾಟ. ಹಿರಿಯರ ಕೈಗೆ ಎಲೆಯಿಟ್ಟು ಕಾಲು ಮುಟ್ಟುತ್ತಾರೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎನ್ನುತ್ತಾರೆ. ಆದರೆ ದುಡಿಮೆಗೆಂದು ಬೆಂಗಳೂರು, ಪುಣೆ ಸೇರಿದವರಿಗೆ ಆ ಎಲೆ ಮುಟ್ಟಿಸುವುದು ಹೇಗೆ? ಕೈಯಾರೆ ಮಾಡಿದ ಶುಭಾಶಯ ಪತ್ರ ಅದಕ್ಕೊಂದು ದಾರಿ.

ಬೇಕಾದ ಸಾಮಾನು ದೂರದಲ್ಲಿಲ್ಲ. ಮದುವೆಯ ಬಾಸಿಂಗಕ್ಕೆ, ಮೊಹರಂನ ತಾಬೂತಿಗೆ ಹಚ್ಚುವ ಮಿರಮಿರ ಬೇಗಡೆ ನಮಗೆ ಹೊಸದಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯೇ ಕಾರ್ಡಿನ ಮೈ. ಇನ್ನೂ ಚೆಂದ ಬೇಕೆಂದರೆ ಹತ್ತಿಬಟ್ಟೆಯ ಚಿಂದಿಯಿಂದ ಮಾಡಿದ ಕೈಕಾಗದ ಕೊಳ್ಳಬಹುದು. ಹತ್ತಿ ಬೆಳೆಯುವ ಈ ಸೀಮೆಗೆ ಅದು ಹೊಂದುವ ಕಾಗದ.

ಕಾಗದಕ್ಕೆ ಅಂದ ತುಂಬುವ ಕಸುಬಿಗೆ ದಖ್ಖನಿನಲ್ಲಿ ಹಳೆಯ ನಂಟಿದೆ. 1565ರ ತಾಳಿಕೋಟೆ ಯುದ್ಧದ ನಂತರ ರಾಯಚೂರು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಮುಂದಿನ ಶತಮಾನದಲ್ಲಿ ಅದೇ ಬಿಜಾಪುರದ ಕಲಾವಿದರು 'ಅಬ್ರಿ' ಕಾಗದದಿಂದ ಚಿತ್ರಗಳನ್ನೇ ಮಾಡಿದರು. ಪಾರಸಿಯಲ್ಲಿ ಅಬ್ರ್ ಎಂದರೆ ಮೋಡ. ಲೋಳೆಯಾದ ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಕದಡಿ, ಹಾಳೆ ಹಾಸಿ ಎತ್ತಿದರೆ ಮೋಡದಂಥ ಸುಳಿಗಳು ಕಾಗದಕ್ಕೆ ಇಳಿಯುತ್ತವೆ. ಹೀಗೆ ಮೂಡಿದ ಬಡಕಲು ಕುದುರೆಯೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ರಬ್ಬರಿನ ಅಚ್ಚಿನ ಕಥೆ ಇಷ್ಟು ಹಳೆಯದಲ್ಲ. ಬಿಸಿಲಿಗೆ ಅಂಟಂಟಾಗುತ್ತಿದ್ದ ರಬ್ಬರು ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಕಚೇರಿಯ ರಬ್ಬರು ಮೊಹರು ಹುಟ್ಟಿದ್ದು ಆಮೇಲೆ. ಮನೆಯ ಅಚ್ಚಿಗಾದರೆ ಶಾಲೆಮಕ್ಕಳ ಅಳಿಸುವ ರಬ್ಬರೇ ಸಾಕು.

ತೆಳು ಹಾಳೆಯ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬನ್ನಿಯ ಕಡ್ಡಿ ಬರೆದು, ಎರಡೂ ಬದಿಗೆ ಸಣ್ಣ ಎಲೆಗಳನ್ನು ಜೋಡಿಸಿ. ಕೆಳಗೆ 'ಬನ್ನಿ' ಎಂದು ಬರೆಯಿರಿ. ಹಾಳೆಯನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಅಕ್ಷರ ತಿರುಗಾಮುರುಗಾ ಮೂಡುತ್ತದೆ, ಒತ್ತಿದಾಗ ನೆಟ್ಟಗಾಗುತ್ತದೆ. ಗೆರೆಯ ಸುತ್ತಲಿನದನ್ನಷ್ಟೇ ಕೆತ್ತಿ ತೆಗೆಯಬೇಕು. ನಕಾರದ ಒತ್ತಿನ ಹತ್ತಿರ ಬ್ಲೇಡು ಒಂದು ಕೂದಲೆಳೆ ಆಚೀಚೆಯಾದರೂ ಅಕ್ಷರ ಕೆಡುತ್ತದೆ. ಅಲ್ಲಿ ಉಸಿರು ಹಿಡಿದೇ ಕೆಲಸ.

ಮಸಿಯ ಮೆತ್ತೆಗೆ ಅಚ್ಚನ್ನು ಹಗುರವಾಗಿ ತಟ್ಟಿ, ಕಾಗದದ ಮೇಲೆ ನೇರ ಒತ್ತಿ, ನೇರ ಎತ್ತಿ. ಅಲುಗಿಸಿದರೆ ಅಂಚು ಇಬ್ಬಗೆಯಾಗುತ್ತದೆ. ಬೇಗಡೆ ಮಸಿ ಹೀರುವುದಿಲ್ಲ, ಒತ್ತಿದ್ದು ಒರೆಸಿಹೋಗುತ್ತದೆ. ಹಾಗಾಗಿ ಅಚ್ಚು ಕಾಗದಕ್ಕೆ, ಬೇಗಡೆ ಅಂಚಿಗೆ. ಮೈದಾ ಅಂಟನ್ನು ತೆಳ್ಳಗೆ ಸವರಿ, ಒಂದು ರಾತ್ರಿ ದಪ್ಪ ಪುಸ್ತಕದಡಿ ಇಟ್ಟರೆ ಕಾರ್ಡು ಮುದುರುವುದಿಲ್ಲ.

ಕೊಟ್ಟ ಎಲೆ ನಾಲ್ಕು ದಿನಕ್ಕೆ ಒಣಗುತ್ತದೆ. ಅಂಚೆಯಲ್ಲಿ ಹೋದ ಈ ಎಲೆ ಮುಂದಿನ ದಸರೆಯವರೆಗೂ ಗೋಡೆಯ ಮೇಲಿರುತ್ತದೆ. ದೂರದಲ್ಲಿರುವವರು ಅದನ್ನು ಎರಡು ಸಲ ಓದಿಕೊಳ್ಳುತ್ತಾರೆ: ಬನ್ನಿ ಎಂದರೆ ಎಲೆ; ಬನ್ನಿ ಎಂದರೆ ಮನೆಯವರ ಕರೆ.