ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಯ ಔಷಧಗಳು ಮತ್ತು ಔಷಧಾಲಯ ಕಾನೂನುಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆರಾಯಿನ್, ಫೆಂಟನಿಲ್ ಮುಂತಾದ ಓಪಿಯಾಯ್ಡ್‌ಗಳ, ಅಂದರೆ ಅಫೀಮು ವರ್ಗದ ಮಾದಕವಸ್ತುಗಳ, ವ್ಯಸನಕ್ಕೆ ನೀಡುವ ಔಷಧಗಳಲ್ಲಿ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಪ್ರಮುಖವಾದವು. ಇವು ಮಾದಕವಸ್ತುವಿನ ಹಂಬಲವನ್ನೂ ಅದನ್ನು ಬಿಟ್ಟಾಗ ಉಂಟಾಗುವ ಯಾತನೆಯನ್ನೂ ತಗ್ಗಿಸುತ್ತವೆ. ಅತಿಸೇವನೆಯಿಂದ ಸಂಭವಿಸುವ ಸಾವಿನ ಅಪಾಯವನ್ನು ಕಡಿಮೆ ಮಾಡುತ್ತವೆ. ಆದರೆ ಇವೆರಡೂ ಸ್ವತಃ ಓಪಿಯಾಯ್ಡ್‌ಗಳೇ ಆಗಿರುವುದರಿಂದ, ಇವು ರೋಗಿಯ ಕೈಸೇರುವ ಬಗೆಯನ್ನು ಒಕ್ಕೂಟ ಸರ್ಕಾರದ ಕಾನೂನುಗಳು ನಿಯಂತ್ರಿಸುತ್ತವೆ.

ಹಿನ್ನೆಲೆ

1914ರ ಹ್ಯಾರಿಸನ್ ಕಾಯಿದೆಯು ಅಫೀಮು ಮತ್ತು ಕೊಕೇನ್ ಉತ್ಪನ್ನಗಳ ವ್ಯಾಪಾರವನ್ನು ನೋಂದಣಿ ಹಾಗೂ ತೆರಿಗೆಗೆ ಒಳಪಡಿಸಿತು. ಮೆಂಫಿಸ್ ನಗರದ ಒಬ್ಬ ವೈದ್ಯ ಮತ್ತು ಒಬ್ಬ ಔಷಧ ವ್ಯಾಪಾರಿಯ ಮೇಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1919ರಲ್ಲಿ ತೀರ್ಪು ನೀಡಿತು. ವ್ಯಸನಿಯ ಅಭ್ಯಾಸ ಮುಂದುವರಿಯಲೆಂದೇ ಬರೆದ ಮಾರ್ಫಿನ್ ಚೀಟಿಯನ್ನು ವೈದ್ಯರ ಔಷಧ ಚೀಟಿ ಎನ್ನಲಾಗದು ಎಂಬುದು ಅದರ ಸಾರ. ಇದರ ಫಲವಾಗಿ ವೈದ್ಯರೂ ಔಷಧಾಲಯಗಳೂ ದಶಕಗಳ ಕಾಲ ಈ ಚಿಕಿತ್ಸೆಯಿಂದ ದೂರ ಉಳಿಯಬೇಕಾಯಿತು.

ಮೆಥಡೋನ್

1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅವರು ಮೆಥಡೋನ್ ಚಿಕಿತ್ಸೆಯನ್ನು ರೂಪಿಸಿದರು. 1970ರ ದಶಕದ ನಿಯಮಗಳು ಅದನ್ನು ವಿಶೇಷ ಪರವಾನಗಿ ಪಡೆದ ಚಿಕಿತ್ಸಾಲಯಗಳಿಗೆ ಸೀಮಿತಗೊಳಿಸಿದವು. ಹೀಗಾಗಿ ನೋವು ನಿವಾರಣೆಗೆ ಬರೆದ ಮೆಥಡೋನ್ ಮಾತ್ರೆಯನ್ನು ಸಾಮಾನ್ಯ ಔಷಧಾಲಯದಲ್ಲಿ ಪಡೆಯಬಹುದು; ಅದೇ ಔಷಧವನ್ನು ವ್ಯಸನಕ್ಕೆಂದು ಬರೆದರೆ ಔಷಧಾಲಯವು ಕೊಡುವಂತಿಲ್ಲ. ಚಿಕಿತ್ಸೆಯ ಆರಂಭದಲ್ಲಿ ಅನೇಕ ರೋಗಿಗಳು ಬಹುತೇಕ ಪ್ರತಿದಿನವೂ ಚಿಕಿತ್ಸಾಲಯಕ್ಕೆ ಹೋಗಬೇಕಾಗುತ್ತಿತ್ತು. ಚಿಕಿತ್ಸಾಲಯ ದೂರವಿರುವ ಗ್ರಾಮೀಣರಿಗೆ ಉದ್ಯೋಗ ಮತ್ತು ಚಿಕಿತ್ಸೆಗಳೆರಡನ್ನೂ ಉಳಿಸಿಕೊಳ್ಳುವುದು ಕಷ್ಟವಾಯಿತು. 2024ರ ಪರಿಷ್ಕೃತ ನಿಯಮಗಳ ಪ್ರಕಾರ, ಅರ್ಹ ರೋಗಿಗಳಿಗೆ ಗರಿಷ್ಠ 28 ದಿನಗಳ ಔಷಧವನ್ನು ಮನೆಗೆ ಕೊಡಬಹುದು. ಆದರೆ ಅದನ್ನು ಚಿಕಿತ್ಸಾಲಯವೇ ನೀಡಬೇಕು.

ಬುಪ್ರೆನಾರ್ಫಿನ್

2000ದಲ್ಲಿ ಅಂಗೀಕಾರವಾದ ಕಾನೂನು ವ್ಯಸನ ಚಿಕಿತ್ಸೆಯನ್ನು ಮತ್ತೆ ಔಷಧಾಲಯಕ್ಕೆ ತಂದಿತು. 2002ರಲ್ಲಿ ಅನುಮೋದನೆ ಪಡೆದ ಬುಪ್ರೆನಾರ್ಫಿನ್ ಮಾತ್ರೆಗಳನ್ನು ಚೀಟಿಯ ಮೇಲೆ ಪಡೆಯುವುದು ಸಾಧ್ಯವಾಯಿತು. ಆದರೆ ಚೀಟಿ ಬರೆಯುವ ವೈದ್ಯರು 8 ಗಂಟೆಗಳ ತರಬೇತಿ ಪಡೆದು, 'ಎಕ್ಸ್' ಅಕ್ಷರದಿಂದ ಆರಂಭವಾಗುವ ಪ್ರತ್ಯೇಕ ಸಂಖ್ಯೆಯನ್ನು ಹೊಂದಿರಬೇಕಿತ್ತು. ಆರಂಭದಲ್ಲಿ ಒಬ್ಬ ವೈದ್ಯರು ಏಕಕಾಲಕ್ಕೆ 30 ರೋಗಿಗಳಿಗಷ್ಟೇ ಈ ಔಷಧ ಬರೆಯಬಹುದಿತ್ತು. 2022ರ ಡಿಸೆಂಬರ್‌ನಲ್ಲಿ ಈ ವಿಶೇಷ ಅನುಮತಿ ಮತ್ತು ಮಿತಿಗಳನ್ನು ರದ್ದುಪಡಿಸಲಾಯಿತು.

ಆದರೂ ಚೀಟಿ ದೊರೆತ ಮಾತ್ರಕ್ಕೆ ಔಷಧ ದೊರೆಯುವುದು ಖಚಿತವಲ್ಲ. ಸಗಟು ಪೂರೈಕೆದಾರರು ಅನುಮಾನಾಸ್ಪದ ಬೇಡಿಕೆಗಳ ಮೇಲೆ ನಿಗಾ ಇಡಬೇಕಾಗಿರುವುದರಿಂದ, ತನಿಖೆಗೆ ಅಂಜುವ ಕೆಲವು ಔಷಧಾಲಯಗಳು ಬುಪ್ರೆನಾರ್ಫಿನ್ ಅನ್ನು ದಾಸ್ತಾನು ಮಾಡುವುದಿಲ್ಲ.

ಇತರ ದೇಶಗಳಲ್ಲಿ

ಬ್ರಿಟನ್, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ವ್ಯಸನ ಚಿಕಿತ್ಸೆಗೆ ಬೇಕಾದ ಮೆಥಡೋನ್ ಅನ್ನು ಬಡಾವಣೆಯ ಔಷಧಾಲಯಗಳೇ ವಿತರಿಸುತ್ತವೆ. ಅಗತ್ಯವಿದ್ದಲ್ಲಿ ರೋಗಿಯು ಔಷಧ ವಿತರಕರ ಎದುರಿನಲ್ಲಿಯೇ ಅದನ್ನು ಸೇವಿಸುವ ವ್ಯವಸ್ಥೆಯಿದೆ.