ಅನುದಿನದ ಅನ್ನ

ಊಟಕ್ಕೆ ಕುಳಿತವನು ಮೊದಲ ತುತ್ತಿಗೆ ಮುನ್ನ ಒಂದು ಕ್ಷಣ ಕೈ ತಡೆಯುತ್ತಾನೆ. ಕಣ್ಣು ಮುಚ್ಚಿ ನಾಲ್ಕು ಮಾತು ಹೇಳಿ, ಶಿಲುಬೆಯ ಗುರುತು ಹಾಕಿಕೊಂಡು, ಬಳಿಕ ಉಣ್ಣತೊಡಗುತ್ತಾನೆ. ಕ್ರೈಸ್ತರ ಮನೆಗಳಲ್ಲಿ ಈ ದೃಶ್ಯ ಎಷ್ಟು ಸಾಮಾನ್ಯವೆಂದರೆ, ಅಂಥ ಮನೆಯಲ್ಲೇ ಹುಟ್ಟಿ ಬೆಳೆದ ನಾನೂ ಅದರ ಅರ್ಥವನ್ನು ಬಹುಕಾಲ ವಿಚಾರಿಸಿರಲಿಲ್ಲ. ಮಹಾ ಪವಾಡಗಳಿಗಾಗಿ ದೇವರನ್ನು ಕೊಂಡಾಡುವುದು ಸುಲಭ. ಗಂಜಿಗೆ, ಉಪ್ಪಿಗೆ, ಬೆಳಗಾದುದಕ್ಕೆ ಕೃತಜ್ಞನಾಗಿರುವುದು ಎಂದರೇನು? ಈ ಪ್ರಶ್ನೆಯನ್ನು ನಾನು ಒಂದು ಶಬ್ದದ ಬಾಗಿಲಿನಿಂದ ಪ್ರವೇಶಿಸುತ್ತೇನೆ. ಭಾಷೆಯ ಮೇಷ್ಟರಿಗೆ ಬೇರೆ ಬಾಗಿಲು ತಿಳಿಯದು.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಆಹಾರವನ್ನು ಬೇಡುವ ಒಂದು ವಾಕ್ಯವಿದೆ. ಮತ್ತಾಯ, ಲೂಕ ಇಬ್ಬರ ಸುವಾರ್ತೆಗಳಲ್ಲಿಯೂ ಅದು ಬರುತ್ತದೆ. ನಮ್ಮ ಭಾಷಾಂತರಕಾರರು ಆ ಆಹಾರಕ್ಕೆ 'ಅನುದಿನದ' ಎಂಬ ವಿಶೇಷಣವನ್ನು ಕೊಟ್ಟರು. ಮೂಲದ ಗ್ರೀಕ್ ಶಬ್ದ 'ಎಪಿಊಸಿಯೋಸ್'. ಇದೊಂದು ವಿಚಿತ್ರ ಶಬ್ದ. ಇದು ವಿದ್ವಾಂಸರ ಬರಹದಲ್ಲಾಗಲಿ ಜನರ ಆಡುಮಾತಿನಲ್ಲಾಗಲಿ ಬಳಕೆಯಲ್ಲಿಲ್ಲವೆಂದು 3ನೆಯ ಶತಮಾನದಲ್ಲೇ ಒರಿಗೆನ್ ಗಮನಿಸಿದ್ದ. ಆತನ ಮನೆಮಾತೇ ಗ್ರೀಕ್! ಲ್ಯಾಟಿನ್ನಿಗೆ ತಂದ ಜೆರೋಮನಿಗೂ ಇದು ತೊಡಕಾಯಿತು. ಲೂಕನಲ್ಲಿ 'ದಿನನಿತ್ಯದ' ಎಂಬ ಅರ್ಥದ ಪದವನ್ನು ಇಟ್ಟ ಆತ, ಮತ್ತಾಯನಲ್ಲಿ ಅದೇ ಶಬ್ದಕ್ಕೆ 'ಭೌತವನ್ನು ಮೀರಿದ' ಎಂಬ ಧ್ವನಿಯುಳ್ಳ ಬೇರೊಂದು ಪದವನ್ನು ಹೊಸೆದ. ಈಜಿಪ್ಟಿನ ಪೆಪೈರಸ್ ಹಾಳೆಯೊಂದರ ಮೇಲಿನ ಖರ್ಚಿನ ಪಟ್ಟಿಯಲ್ಲಿ ಈ ಶಬ್ದ ದೊರೆತಿದೆಯೆಂದು ಒಮ್ಮೆ ಸಂಭ್ರಮವೆದ್ದಿತು. ಆ ಹಾಳೆ ಕಳೆದುಹೋಗಿ, ಮತ್ತೆ ಸಿಕ್ಕಿ, 1998ರಲ್ಲಿ ಮರುಪರಿಶೀಲನೆಗೆ ಒಳಗಾದಾಗ ಅಲ್ಲಿದ್ದದ್ದು 'ಎಣ್ಣೆ' ಎಂಬ ಪದವೆಂದು ತಿಳಿಯಿತು. ಅಡುಗೆಮನೆಯ ಎಣ್ಣೆ ವಿದ್ವಾಂಸರನ್ನು ನೂರು ವರ್ಷ ಜಾರಿಸಿತ್ತು.

ಇರವಿಗೆ ಬೇಕಾದದ್ದು, ಈ ದಿನದ್ದು, ಬರಲಿರುವ ದಿನದ್ದು ಎಂದು ಈ ಶಬ್ದಕ್ಕೆ ಹಲವು ಅರ್ಥಗಳನ್ನು ಹೇಳುತ್ತಾರೆ. ನನಗೆ ಒಪ್ಪಿಗೆಯಾಗುವುದು 'ಇಂದಿಗೆ ಸಾಲುವಷ್ಟು' ಎಂಬ ಅರ್ಥ. ಇದಕ್ಕೆ ಹಿನ್ನೆಲೆಯಾಗಿ ವಿಮೋಚನಕಾಂಡದ ಮನ್ನದ ಕಥೆಯನ್ನು ನೆನೆಯಬೇಕು. ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ಬೆಳಗಿನ ಇಬ್ಬನಿಯೊಡನೆ ಮನ್ನ ದೊರೆಯುತ್ತಿತ್ತು. ಪ್ರತಿಯೊಬ್ಬರೂ ಆ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಬೇಕು. ಮರುದಿನಕ್ಕೆ ಇಟ್ಟುಕೊಂಡದ್ದು ಹುಳುಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ಇಲ್ಲಿ ನಮ್ಮ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಮಾರಯ್ಯ ಆಯ್ದು ತಂದ ಅಕ್ಕಿ ಒಂದು ದಿನ ಎಂದಿಗಿಂತ ಹೆಚ್ಚಾದಾಗ ಅದನ್ನು ಮರಳಿ ಸುರಿದು ಬಾ ಎಂದವಳು ಆಕೆ. ಆದರೆ ಸಾದೃಶ್ಯವನ್ನು ಹೆಚ್ಚು ಎಳೆಯಬಾರದು. ಲಕ್ಕಮ್ಮನ ಅಕ್ಕಿ ಕಾಯಕದ್ದು. ಮನ್ನವಾದರೋ ಬಿತ್ತದೆ ಬೆಳೆಯದೆ ಬಂದದ್ದು. ಉತ್ತದ್ದು ನಾನೇ, ಬಿತ್ತಿದ್ದು ನಾನೇ ಆದರೂ ಮಳೆ ನನ್ನದಲ್ಲ, ಮೊಳಕೆ ನನ್ನದಲ್ಲ ಎಂಬ ಅರಿವಿನಲ್ಲಿ ಕ್ರೈಸ್ತನ ಕೃತಜ್ಞತೆ ಬೇರೂರಿದೆ. ಕೊಂಕಣಿ ಕ್ರೈಸ್ತರು ಉಪಕಾರ ಮಾಡಿದವರಿಗೆ 'ದೇವ್ ಬರೆಂ ಕರುಂ' ಎನ್ನುತ್ತಾರೆ. 'ದೇವರು ಒಳಿತು ಮಾಡಲಿ' ಎಂದು ಅದರ ಅರ್ಥ. ಋಣವನ್ನು ತಾನು ತೀರಿಸಲಾರೆನೆಂದು ಒಪ್ಪಿಕೊಂಡು, ಅದನ್ನು ದೇವರ ಲೆಕ್ಕಕ್ಕೆ ವರ್ಗಾಯಿಸುವ ಮಾತು ಇದು!

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾನು ಒಂದು ಕಷ್ಟದ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗುತ್ತದೆ. ತಟ್ಟೆ ಬರಿದಾಗಿದ್ದಾಗ ಏನು? 1966ರಲ್ಲಿ ದೇಶದಲ್ಲೆಲ್ಲ ಆಹಾರದ ಅಭಾವವಿದ್ದಾಗ ನನಗೆ ಎಂಟು ವರ್ಷ. ಒಂದು ರಾತ್ರಿ ನಮ್ಮ ಮನೆಯಲ್ಲಿ ಗಂಜಿಯೆಂದರೆ ತಿಳಿಯೇ ಹೆಚ್ಚು, ಅಗುಳು ಕಡಿಮೆ. ತಂದೆ ಪ್ರಾರ್ಥನೆ ತೊಡಗುವಷ್ಟರಲ್ಲಿ, "ಇಷ್ಟು ಗಂಜಿಗೆ ಅಷ್ಟು ಉದ್ದದ ಪ್ರಾರ್ಥನೆ ಯಾಕಜ್ಜಿ?" ಎಂದು ಕೇಳಿಬಿಟ್ಟೆ. ತಂದೆಯ ಕೈ ಮೇಲೆದ್ದಿತು. ಅಜ್ಜಿ ತಡೆದಳು. "ಮಗು ಹಸಿದಿದೆ. ಮೊದಲು ಉಣ್ಣಲಿ, ಆಮೇಲೆ ಹೇಳಲಿ" ಎಂದು ತನ್ನ ಬಟ್ಟಲಿನ ಅಗುಳನ್ನು ನನ್ನ ಬಟ್ಟಲಿಗೆ ಸುರಿದಳು. ಉಂಡೆ. ಪ್ರಾರ್ಥನೆ ಹೇಳದೆಯೇ ನಿದ್ದೆಹೋದೆ. ಮರುದಿನ ಯಾರೂ ಅದನ್ನು ಎತ್ತಲಿಲ್ಲ.

ಹೊಟ್ಟೆ ತುಂಬಿದವರು ಹಸಿದವರಿಗೆ ಕೃತಜ್ಞತೆಯನ್ನು ಬೋಧಿಸುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಆಗೆಲ್ಲ ಆ ಬಟ್ಟಲು ಕಣ್ಣಮುಂದೆ ಬರುತ್ತದೆ. ಸುವಾರ್ತೆಯೂ ಅಜ್ಜಿಯ ಪಕ್ಷದಲ್ಲೇ ಇದೆಯೆಂದು ನನ್ನ ನಂಬಿಕೆ. ಯೋಹಾನನ ಸುವಾರ್ತೆಯಲ್ಲಿ ಐದು ಸಾವಿರ ಜನರಿಗೆ ಉಣಬಡಿಸುವ ಮುನ್ನ ಸ್ತೋತ್ರ ಸಲ್ಲಿಸಿದವನು ಯೇಸು, ಬಡಿಸುವವನು; ಹಸಿದ ಜನರಿಂದ ಅವನು ಅದನ್ನು ಮೊದಲು ಕೇಳಲಿಲ್ಲ. ಗುಣಹೊಂದಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ನೊಂದು ಕೇಳಿದನೇ ಹೊರತು ಅವರ ಆರೋಗ್ಯವನ್ನು ಹಿಂದಕ್ಕೆ ಪಡೆದನೆಂದು ಲೂಕ ಬರೆದಿಲ್ಲ. ಪ್ರಾರ್ಥನೆಯ ವಾಕ್ಯವೂ 'ನನ್ನ' ಆಹಾರವೆನ್ನದೆ 'ನಮ್ಮ' ಆಹಾರವೆನ್ನುತ್ತದೆ. ಪಕ್ಕದವನ ಬಟ್ಟಲು ಬರಿದಾಗಿದ್ದರೆ ಆ ಬೇಡಿಕೆ ಅರ್ಧವಷ್ಟೇ ಈಡೇರಿದೆ.

ಈ 'ನಮ್ಮ' ಎಂಬುದನ್ನು ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಕಣ್ಣಿಗೆ ಕಾಣುವಂತೆ ಮಾಡುತ್ತಾರೆ. ಅದು ಮಾತೆ ಮರಿಯಳ ಜನ್ಮದಿನ. ಮೊಂತಿ ಹಬ್ಬ, ತೆನೆ ಹಬ್ಬ. ಮೊಂತಿ ಎಂಬ ಹೆಸರು ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಬಂದುದೆಂದು ಪ್ರತೀತಿ. ಮಕ್ಕಳು ಒಂಬತ್ತು ದಿನ ಹೂ ತಂದು ಅರ್ಪಿಸುತ್ತಾರೆ. ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಗದ್ದೆಯುಳ್ಳವನಿಗೂ ಇಲ್ಲದವನಿಗೂ ಅದೇ ತೆನೆ. ಆ ಕಾಳುಗಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಸೇವಿಸಿದ ಮೇಲೆಯೇ ಊಟ. ಅಂದು ಶಾಕಾಹಾರ. ನೆರೆಹೊರೆಯ ಹಿಂದೂಗಳ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣು ಒಂದೇ, ಮಳೆಯೂ ಒಂದೇ.

ನಮ್ಮ ಮನೆಯಲ್ಲಿ ತೆನೆ ಸುಲಿಯುವ ಕೆಲಸ ಅಜ್ಜಿಯದು. ಸುಲಿದ ಅಕ್ಕಿಯನ್ನು ಅಂಗೈಯಲ್ಲಿ ಹರವಿ, ಎದುರು ಕುಳಿತವರನ್ನು ಎಣಿಸುತ್ತಿದ್ದಳು. ಆ ಬಳಿಕ ಬೊಂಬಾಯಿಯಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪನ ಪಾಲಿನ ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ, ಅಂಚೆಗೆ ಹಾಕಲೆಂದು ನನ್ನ ಕೈಗೆ ಕೊಡುತ್ತಿದ್ದಳು. ಪಾಯಸದ ಪಾತ್ರೆ ಅಡುಗೆಮನೆಯಿಂದ ಹೊರಬರುತ್ತಿದ್ದುದು ಅನಂತರವೇ.